ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಜೊತೆಗೆ ಮಾತಾಡೋಕೆ ಯಾರಾದರೂ ಸಿಗ್ತಾರಾ?

ಯಲಚೇನಹಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 56 ವರ್ಷ. ಐದಾರು ತಿಂಗಳು ಹೊಟ್ಟೆ ಉಬ್ಬರ, ಎರಡು ತುತ್ತು ತಿಂದರೆ ಸಾಕು ಅನ್ನುತ್ತಿದ್ದರು. ಮೊದಲು ನೋಡಿದ ಡಾಕ್ಟರ್ ಗ್ಯಾಸ್ ಅಂತ ಮಾತ್ರೆ ಕೊಡುತ್ತಲೇ ಹೋದರು, ನಾವೂ ಜೀರಿಗೆ ಕಷಾಯ ಮಾಡಿಕೊಟ್ಟೆವು. ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಮೂರನೇ ಹಂತ. ಆಪರೇಷನ್ ಆಯ್ತು, ಆರರಲ್ಲಿ ಎರಡು ಕೀಮೋ ಮುಗಿದಿದೆ. ಈಗಿನ ಡಾಕ್ಟರ್ ಚೆನ್ನಾಗಿ ನೋಡುತ್ತಿದ್ದಾರೆ, ನನ್ನ ಚಿಂತೆ ಬೇರೆ. ಅಮ್ಮ ಮಾತೇ ಬಿಟ್ಟಿದ್ದಾರೆ. ನೆಂಟರಿಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಮದುವೆಯಾದಾಗಿನಿಂದ ದಿನಾ ಒಂದು ಮೊಳ ಮಲ್ಲಿಗೆ ಮುಡಿದವರು, ಮೊನ್ನೆ ಹೂವಿನವಳು ಗೇಟಿನ ಹತ್ತಿರ ಕೂಗಿದಾಗ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇದೇ ಕಾಯಿಲೆ ದಾಟಿ ಬಂದವರು ಯಾರಾದರೂ ಅವರ ಜೊತೆ ಮಾತಾಡ್ತೀರಾ?

ಗಿರಿನಗರದ ಅಕ್ಕ:
ನಾನು ಮಾತಾಡ್ತೀನಮ್ಮ. ನನ್ನ ಕೀಮೋ ಮುಗಿದು ನಾಲ್ಕು ವರ್ಷ ಆಯ್ತು. ಕೂದಲು ಮತ್ತೆ ಬರುತ್ತೆ ಅಂತ ಸಮಾಧಾನ ಹೇಳಬೇಡ, ಕೇಳಿ ಕೇಳಿ ಸಾಕಾಗಿರುತ್ತೆ. ಕಾಲ್ಬೆರಳು ಜುಮ್ಮೆನ್ನುತ್ತಾ ಅಂತ ಕೇಳು. ನನಗೆ ಚಪ್ಪಲಿ ಕಾಲಿಂದ ಜಾರಿ ರಸ್ತೆಯಲ್ಲೇ ಉಳಿದರೂ ಗೊತ್ತಾಗುತ್ತಿರಲಿಲ್ಲ, ವಯಸ್ಸಾಯ್ತು ಅಂದುಕೊಂಡು ಸುಮ್ನಿದ್ದೆ. ಅದು ಕೀಮೋದಲ್ಲಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಯಿಂದ ಆಗೋದು, ಬೇಗ ಹೇಳಿದರೆ ಡಾಕ್ಟರ್ ಡೋಸ್ ಬದಲಾಯಿಸಬಹುದು. ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.
ಇನ್ನೊಂದು ವಿಷಯ. ಮೇ 8 ವಿಶ್ವ ಅಂಡಾಶಯ ಕ್ಯಾನ್ಸರ್ ದಿನ, 2013ರಿಂದ ನಡೆಯುತ್ತಿದೆ. ಪ್ರತಿ ವರ್ಷ ಅವತ್ತು ನಾನು ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘಕ್ಕೆ ಹೋಗಿ ಹೇಳ್ತೀನಿ: ಎರಡು ಮೂರು ವಾರ ಬಿಡದೆ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರಕ್ಕೆ ಹೋಗೋದು ಇದ್ದರೆ ಸ್ಕ್ಯಾನ್ ಬರೆದುಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಪ್ಯಾಪ್ ಸ್ಮಿಯರ್ ನಾರ್ಮಲ್ ಬಂತಲ್ಲ ಅಂತಾರೆ. ಅದು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ, ಅಂಡಾಶಯದ್ದನ್ನು ಹಿಡಿಯೋದಿಲ್ಲ. ಎಷ್ಟು ಜನಕ್ಕೆ ಇದು ಗೊತ್ತೇ ಇಲ್ಲ!

ತಂಗಿಗಾಗಿ:
ಅಮ್ಮನಿಗೆ ಬಿಆರ್‌ಸಿಎ ಪರೀಕ್ಷೆ, ಅಂದರೆ ವಂಶದಲ್ಲಿ ಬರುವ ಜೀನ್ ದೋಷ ಇದೆಯಾ ಅಂತ ನೋಡೋದು, ಮಾಡಿಸಿದ್ದೀರಾ? ನನ್ನ ತಂಗಿಗೆ ಅದು ಪಾಸಿಟಿವ್ ಬಂದಿದ್ದಕ್ಕೆ ಕೀಮೋ ಮುಗಿದ ಮೇಲೆ, ಕಾಯಿಲೆ ಮತ್ತೆ ಬರದಿರಲಿ ಅಂತ ಕೊಡುವ ಓಲಪರಿಬ್ ಮಾತ್ರೆ ಶುರು ಮಾಡಿದರು. ನಿಮಗೋಸ್ಕರವೂ ಮಾಡಿಸಿ. ಅಮ್ಮನಲ್ಲಿ ಆ ದೋಷ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡುಮಕ್ಕಳಿಗೂ.

ಕಿದ್ವಾಯಿ ಓಡಾಟ:
ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30, ವರ್ಷಕ್ಕೆ 1.5 ಲಕ್ಷದೊಳಗೆ. ಆಧಾರ್, ರೇಷನ್ ಕಾರ್ಡ್ ಎರಡೂ ಒಂದೇ ಕವರಿನಲ್ಲಿಟ್ಟು, ಹೋದಾಗಲೆಲ್ಲ ಜೊತೆಗೇ ಒಯ್ಯಿರಿ.

ಯಲಚೇನಹಳ್ಳಿ ಹುಡುಗಿ:
ಅಕ್ಕ, ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಚಪ್ಪಲಿ ವಿಷಯ ಬಂದಾಗ ತಲೆ ಎತ್ತಿ ನೋಡಿದರು. ಅವರಿಗೂ ಹದಿನೈದು ದಿನದಿಂದ ಹಾಗೇ ಆಗುತ್ತಿದೆಯಂತೆ, ನನ್ನ ಹತ್ತಿರ ಹೇಳೇ ಇಲ್ಲ. ನಾಳೆಯೇ ಡಾಕ್ಟರಿಗೆ ತಿಳಿಸ್ತೀವಿ, ಬಿಆರ್‌ಸಿಎ ಬಗ್ಗೆಯೂ ಕೇಳ್ತೀನಿ. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ, "ಆಯಮ್ಮ ಯಾವ ಹೊತ್ತಿಗೆ ಫೋನಿಗೆ ಸಿಗ್ತಾರಂತೆ?" ಅಂದರು. ಸಂಜೆ ನಾಲ್ಕಕ್ಕೆ ಮಾಡಬಹುದಾ ಅಕ್ಕ? ನಂಬರ್ ಮೆಸೇಜ್ ಮಾಡಿ.