ತಮ್ಮನ ಗಾಡಿಗೆ ಐದು ಸಾವಿರ: ಮೊದಲು ಟೈರು, ಲೈಟು, ಬ್ರೇಕು

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಹಳೆ ಸ್ಪ್ಲೆಂಡರ್ ತಗೊಂಡಿದ್ದೀಯ, ಕೈಯಲ್ಲಿ ಐದು ಸಾವಿರ ಇದೆ, ಸೈಲೆನ್ಸರ್ ಬದಲಿಸಲೋ, ದೊಡ್ಡ ಲೈಟ್ ಹಾಕಿಸಲೋ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಸೈಲೆನ್ಸರ್ ಬಿಟ್ಟುಬಿಡು. ಸದ್ದು ಜಾಸ್ತಿ, ಮೇಲೆ ಪೊಲೀಸರ ದಂಡ. ನೀನು ಎರಡನೇ ಪಾಳಿ ಮುಗಿಸಿ ರಾತ್ರಿ ಬಾಗಲಕೋಟೆಯಿಂದ ಕಲಾದಗಿ ಹಾಯ್ದು ಲೋಕಾಪುರಕ್ಕೆ ಬರುವವನು. ಮುಂದಿರುವುದು ಕಾಣಬೇಕು, ಕಂಡ ಮೇಲೆ ಗಾಡಿ ನಿಲ್ಲಬೇಕು. ದುಡ್ಡೆಲ್ಲ ಇದಕ್ಕೇ ಹೋಗಲಿ.

ಮೊದಲು ಟೈರು ನೋಡು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2318 ಅಂತಿದ್ದರೆ ಅದು 2018ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಗ್ರಿಪ್ ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸಿಬಿಡು. ಮಳೆ ಬಿದ್ದಾಗ ಟ್ರ್ಯಾಕ್ಟರ್ ಗಾಲಿಗೆ ಹತ್ತಿದ ಎರೆಮಣ್ಣು ರೋಡಿನ ತುಂಬ ಹರಡಿರುತ್ತದೆ, ಅಲ್ವಾ? ಅಲ್ಲಿ ಗಟ್ಟಿ ಟೈರು ಹಿಡಿಯುವುದೇ ಇಲ್ಲ. ಅಗಲದ ಟೈರ್ ಮಾತ್ರ ಬೇಡ. ಕಂಪನಿ ಕೊಟ್ಟ ಅಳತೆಯನ್ನೇ ಹಾಕಿಸು, ಇಲ್ಲದಿದ್ದರೆ ಮೈಲೇಜ್ ಬೀಳುತ್ತದೆ.

ಈಗ ಲೈಟು. ನಿನ್ನ ಗಾಡಿಯ ಬಲ್ಬ್ 35 ವ್ಯಾಟ್. ಅಂಗಡಿಯಲ್ಲಿ 55/60 ವ್ಯಾಟಿನದು ಕೊಡುತ್ತೇವೆ ಅಂದರೆ ತಗೋಬೇಡ. ಆ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ವೈರ್ ಸುಡುತ್ತದೆ. ಹೆಡ್‌ಲೈಟಿನ ಹಳೆ ಡೂಮಿಗೆ, ಅಂದರೆ ಬಲ್ಬ್ ಕೂರುವ ಗಾಜು-ಕನ್ನಡಿಯ ಬಟ್ಟಲಿಗೆ, ಸುಮ್ನೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ, ನಿನಗೆ ರೋಡ್ ಕಾಣುವುದಿಲ್ಲ. ಮೊದಲು ಡೂಮಿನ ಒಳಗೆ ನೋಡು. ಕನ್ನಡಿಯ ಹೊಳಪು ಹೋಗಿ ಗಾಜು ಹಳದಿಯಾಗಿದ್ದರೆ ಪೂರ್ತಿ ಡೂಮೇ ಹೊಸದು ಹಾಕಿಸು. ಆಮೇಲೆ ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಮೇಲೆ ಕೂತು ಡಿಮ್ ಹಾಕು. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳಬೇಕು. ಸ್ಕ್ರೂ ತಿರುಗಿಸಿ ಸರಿ ಮಾಡಿಕೋ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಬಹಳ ಜನ ಮಾಡುವುದೇ ಇಲ್ಲ.

ಬ್ರೇಕಿಗೆ ಶೂ ಬದಲಿಸಿ, ಮುಂದಿನ ಕೇಬಲ್ ಹೊಸದು ಹಾಕಿಸಿದರೆ ಸಾಕು. ಡಿಸ್ಕ್ ಮಾಡಿಸುವ ಯೋಚನೆ ಬೇಡ. ಹಬ್ಬು, ಫೋರ್ಕು ಎಲ್ಲ ಬದಲಾಗಬೇಕು, ನಿನ್ನ ದುಡ್ಡು ಸಾಲುವುದಿಲ್ಲ.

ಒಂದು ಮಾತು ಟ್ರಾಲಿ ಇರುವ ನಮ್ಮ ಕಾಕಾ ಕೂಡ ಕೇಳಬೇಕು. ಕಬ್ಬಿನ ಸೀಜನ್‌ನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಲೈಟೇ ಇರುವುದಿಲ್ಲ. ಕಬ್ಬು ಹೊರಗೆ ಚಾಚಿರುತ್ತದೆ, ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ. ನನಗೆ ಇದೇ ಭಯ. ತಮ್ಮಾ, ಕೆಂಪು ರೇಡಿಯಂ ಟೇಪ್ ತಂದು ಹಿಂದಿನ ಮಡ್‌ಗಾರ್ಡಿಗೆ ಅಂಟಿಸು. ಉಳಿದದ್ದನ್ನು ಕಾಕಾನ ಟ್ರಾಲಿ ಹಿಂದೆ ಉದ್ದಕ್ಕೂ ಅಂಟಿಸು. ಕಾಕಾ, ಕಬ್ಬು ಹೇರಿದ ಮೇಲೂ ಟೇಪ್ ಕಾಣುವ ಹಾಗೆ ಜಾಗ ನೀವೇ ತೋರಿಸಿ.

ಫೋಟೋದಲ್ಲಿ ಸೀರೆ ಗಾರ್ಡ್ ಕಾಣಲಿಲ್ಲ. ಹಿಂದಿನ ಮಾಲೀಕರು ಬಿಚ್ಚಿಸಿರಬೇಕು. ಸಂತೆಗೆ ಹೋಗುವಾಗ ಅವ್ವ ಹಿಂದೆ ಕೂಡುತ್ತಾಳೆ, ಸೆರಗು ಗಾಲಿಗೆ ಸಿಕ್ಕರೆ ಗತಿಯೇನು? ಕಾನೂನಿನಲ್ಲೂ ಹಿಂದಿನ ಗಾಲಿಗೆ ಅರ್ಧದಷ್ಟಾದರೂ ಮರೆ ಇರಲೇಬೇಕು. ಮೊದಲ ದಿನವೇ ಹಾಕಿಸು. ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಚೈನ್ ಎಷ್ಟು ಸಡಿಲ ಇದೆ ಅಂತಲೂ ನೋಡಿಸು. ಹೆಲ್ಮೆಟ್ ಐಎಸ್ಐ ಗುರುತಿನದೇ ಇರಲಿ. ಅದಕ್ಕೆ ದುಡ್ಡು ಕಡಿಮೆ ಬಿದ್ದರೆ ನಾನು ಕಳಿಸುತ್ತೇನೆ, ಸಂಕೋಚ ಬೇಡ.

ನಾಳೆ ಬೆಳಕಿನಲ್ಲಿ ಎರಡೂ ಟೈರಿನ ಫೋಟೋ ತೆಗೆದು ಹಾಕು, ಆ ನಾಲ್ಕು ಅಂಕಿ ಕಾಣುವ ಹಾಗೆ. ನೋಡಿ ಯಾವುದು ಬದಲಿಸಬೇಕು ಅಂತ ಹೇಳುತ್ತೇನೆ.