ಗಿನಿಪಿಗ್ ಸತ್ತಾಗಿನಿಂದ ಅತ್ತೆಯವರು ಉಣ್ಣುತ್ತಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಕಲಬುರಗಿಯ ಗೃಹಿಣಿಯೊಬ್ಬರು ತಮ್ಮ ಸಮಸ್ಯೆ ಹೇಳಿಕೊಂಡಿದ್ದರು. ಮಗ ಎಂಟನೇ ತರಗತಿಯಲ್ಲಿ ಹಟ ಹಿಡಿದು ತರಿಸಿಕೊಂಡ ಗಿನಿಪಿಗ್ ‘ಗುಂಡ’ನನ್ನು, ಅವನು ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೇಲೆ, ಎಪ್ಪತ್ತು ದಾಟಿದ ಅತ್ತೆಯವರೇ ಸಾಕುತ್ತಿದ್ದರು. ಆರು ವರ್ಷ ತುಂಬಿದ್ದ ಗುಂಡ ಒಂದೆರಡು ದಿನ ಸೊಪ್ಪು ಮುಟ್ಟದೆ ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದು, ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಕೂಲರ್ ನಿಂತಿದ್ದಾಗ ಸತ್ತುಹೋಯಿತು. ಅತ್ತೆ ಮಲಗಿದ್ದರಿಂದ ಯಜಮಾನರು ಅದನ್ನು ಕವರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದರು. ‘ಕೂಲರ್ ನಿಂತಾಗ ನಾನು ಏಳಲಿಲ್ಲ, ಮನೆಯಲ್ಲಿದ್ದ ಆ್ಯಂಟಿಬಯಾಟಿಕ್ ಮಾತ್ರೆಯನ್ನಾದರೂ ಅರೆದು ಕೊಡಬೇಕಿತ್ತು’ ಎಂದು ಅತ್ತೆ ಕೊರಗುತ್ತಿದ್ದಾರೆ. ‘ಇಲಿಯಂಥ ಪ್ರಾಣಿಗೆ ಇಷ್ಟು ಅಳುವುದೇ’ ಎಂದು ಬಂದವರು ಕೇಳುತ್ತಾರೆ. ಪರೀಕ್ಷೆ ನಡೆದಿರುವುದರಿಂದ ಮಗನಿಗೆ ವಿಷಯ ತಿಳಿಸಿಲ್ಲ. ಹೊಸದೊಂದನ್ನು ತಂದರೆ ಸರಿಹೋದೀತೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಸಹೋದರಿ, ನಿಮ್ಮ ಅತ್ತೆಯವರ ಎದೆಯ ಮೇಲಿರುವ ಎರಡು ಭಾರಗಳನ್ನು ಒಬ್ಬ ಪಶುವೈದ್ಯನಾಗಿ ಇಳಿಸಲು ಪ್ರಯತ್ನಿಸುತ್ತೇನೆ. ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ. ಮೊದಲನೆಯದು ಕೂಲರಿನ ಮಾತು. ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ ಮೂಲದ ಪ್ರಾಣಿಯಾದ್ದರಿಂದ ಅದಕ್ಕೆ 18ರಿಂದ 24 ಡಿಗ್ರಿಯ ಹವೆ ಹಿತ; 28 ದಾಟಿದರೆ ಅಪಾಯ ಆರಂಭವಾಗುತ್ತದೆ, ಏಕೆಂದರೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅಂಥ ಜೀವವು 42 ಡಿಗ್ರಿ ಮುಟ್ಟುವ ಕಲಬುರಗಿಯ ಬಿಸಿಲಿನಲ್ಲಿ ವರ್ಷ ವರ್ಷವೂ ಬೇಸಿಗೆ ಕಳೆದು ಬದುಕಿತ್ತೆಂದರೆ, ಮನೆಯಲ್ಲಿ ಯಾರೋ ಒಬ್ಬರು ಅದಕ್ಕಾಗಿ ಮಧ್ಯಾಹ್ನದ ನಿದ್ದೆ ಬಿಟ್ಟು ಗೋಣಿತಟ್ಟು ನೆನೆಸಿ ಕಾದಿದ್ದಾರೆಂದೇ ಅರ್ಥ. ಈ ಪ್ರಾಣಿಯ ಸಾಮಾನ್ಯ ಆಯುಷ್ಯ 5ರಿಂದ 8 ವರ್ಷ. ಮನುಷ್ಯರಂತೆ ಅದರ ದೇಹಕ್ಕೂ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲು ಬಾರದು, ಹಸಿರು ಸೊಪ್ಪು ತಪ್ಪಿದರೆ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಗುಂಡ ಮುಪ್ಪಿನವರೆಗೆ ಬಂದದ್ದು ನಿತ್ಯ ತಪ್ಪದೆ ಸಿಕ್ಕ ಕೊತ್ತಂಬರಿಯಿಂದ. ಮರಣೋತ್ತರ ಪರೀಕ್ಷೆ ಆಗದಿರುವುದರಿಂದ ಕಾರಣವನ್ನು ಖಚಿತವಾಗಿ ಯಾರೂ ಹೇಳಲಾರರು. ಆದರೆ ಕರೆಂಟ್ ಹೋಗುವುದಕ್ಕೆ ಮೊದಲೇ ಅದು ಮೇವು ಬಿಟ್ಟಿತ್ತೆಂದು ನೀವೇ ಬರೆದಿದ್ದೀರಿ. ಗಿನಿಪಿಗ್‌ನ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ವಯಸ್ಸಾದಾಗ ದವಡೆ ಹಲ್ಲು ಓರೆಯಾಗಿ ಅಗಿಯುವುದೇ ಕಷ್ಟವಾಗುವುದುಂಟು. ಕಾರಣ ಯಾವುದೇ ಇರಲಿ, ಒಂದು ದಿನ ಮೇವು ನಿಂತರೂ ಅದರ ಕರುಳಿನ ಚಲನೆ ಕುಂದಿ ಜೀವಕ್ಕೇ ಸಂಚಕಾರ ಬರುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಅದು ತನ್ನ ಕಾಯಿಲೆಯನ್ನು ಕೊನೆಯವರೆಗೂ ತೋರಗೊಡುವುದಿಲ್ಲ. ನುರಿತ ವೈದ್ಯರ ಕಣ್ಣಿಗೂ ಅದು ತಪ್ಪಿಹೋಗುತ್ತದೆ.

ಎರಡನೆಯದು ಮಾತ್ರೆಯ ಮಾತು. ಅದನ್ನು ಕೊಡದೆ ಇದ್ದದ್ದೇ ಒಳಿತಾಯಿತು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉಳಿದಿರುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಗಳು ಗಿನಿಪಿಗ್‌ನ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಅಳಿಸಿ ಅದನ್ನು ಕೊಂದೇಬಿಡುತ್ತವೆ.

ಹೊಸದನ್ನು ತರುವ ಬಗ್ಗೆ: ಅವರೇ ಬಯಸಿದರೆ ಮಾತ್ರ ತನ್ನಿ, ಮಳೆಗಾಲ ಹಿಡಿದು ಹವೆ ತಂಪಾದ ಮೇಲೆ ತನ್ನಿ, ಎರಡು ಹೆಣ್ಣುಗಳನ್ನು ಒಟ್ಟಿಗೆ ತನ್ನಿ. ಗುಂಪಿನಲ್ಲಿ ಬಾಳುವ ಜೀವವನ್ನು ಒಂಟಿಯಾಗಿ ಇಡಬಾರದೆಂದು ಸ್ವಿಟ್ಜರ್ಲೆಂಡ್ ದೇಶವು 2008ರಲ್ಲಿ ನಿಯಮವನ್ನೇ ತಂದಿದೆ. ಆಗ ಕಾಯಿಲೆ ಕಂಡರೆ ಬೀದರ್‌ನ ನಂದಿನಗರದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.
— ನಿವೃತ್ತ ಪಶುವೈದ್ಯರು, ಬೀದರ್

ತಂಗಿ, ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೊಸ ಪ್ರಾಣಿ ತರಬೇಕೇ ಎಂಬುದನ್ನು ನೀನು ಕೊನೆಯಲ್ಲಿ ದೊಡ್ಡ ಪ್ರಶ್ನೆಯಾಗಿ ಕೇಳಿರುವೆ, ಕಸದ ಗಾಡಿಯ ವಿಷಯವನ್ನು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವೆ. ನನಗೆ ಕಾಣುವಂತೆ ನಿಮ್ಮ ಮನೆಯ ನೋವೆಲ್ಲ ಆ ಒಂದು ಸಾಲಿನಲ್ಲಿದೆ. ನಿನ್ನ ಅತ್ತೆ ಆಳಂದ ಕಡೆಯ ಒಕ್ಕಲುತನದ ಮನೆಯಿಂದ ಬಂದವರೆಂದು ಬರೆದಿರುವೆ. ಅಂಥ ಮನೆಗಳಲ್ಲಿ ದುಡಿದ ಎತ್ತು ಸತ್ತರೆ ಅದನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ, ಕಾಯಿ ಒಡೆಯುತ್ತಾರೆ, ಮನೆಮಂದಿ ಕಣ್ಣೀರು ಹಾಕುತ್ತಾರೆ; ಅದನ್ನು ಕಂಡು ಯಾರೂ ನಗುವುದಿಲ್ಲ. ಕಾರಹುಣ್ಣಿಮೆಯಂದು ಎತ್ತಿಗೆ ಆರತಿ ಬೆಳಗಿದ ಕೈಗಳಿಗೆ, ಸಾಕಿದ ಜೀವವನ್ನು ಕೊನೆಯ ಬಾರಿ ಮುಟ್ಟುವ ಅವಕಾಶವನ್ನೂ ಕೊಡದೆ, ನಿದ್ದೆಯಲ್ಲಿದ್ದಾಗಲೇ ಕಸದೊಡನೆ ಕಳಿಸಿಬಿಟ್ಟರೆ ಅವರು ಉಣ್ಣುವುದಾದರೂ ಹೇಗೆ? ನಿನ್ನ ಯಜಮಾನರು ಕೆಟ್ಟ ಮನಸ್ಸಿನಿಂದ ಮಾಡಿದರೆಂದು ನಾನು ಹೇಳುವುದಿಲ್ಲ. ತಾಯಿ ಎದ್ದು ನೋಡಿ ಸಂಕಟಪಡಬಾರದೆಂದೇ ಅವಸರ ಮಾಡಿರಬೇಕು. ಹಾಗಿದ್ದರೆ ಅದನ್ನೇ ಅವರು ತಾಯಿಯ ಬಳಿ ಕುಳಿತು ಬಾಯಿ ಬಿಟ್ಟು ಹೇಳಲಿ, ‘ತಪ್ಪಾಯಿತವ್ವಾ, ನಿನ್ನನ್ನು ಎಬ್ಬಿಸಬೇಕಿತ್ತು’ ಎನ್ನಲಿ. ಆ ಮಾತನ್ನು ಸೊಸೆಯಾದ ನೀನು ಹೇಳಿದರೆ ಆಗದು, ಮಗನೇ ಹೇಳಬೇಕು.

ಇನ್ನು, ಗುಂಡನ ಬೋನು, ನೀರಿನ ಬಟ್ಟಲು ಇನ್ನೂ ಮನೆಯಲ್ಲಿದ್ದರೆ ಅವರನ್ನು ಕೇಳದೆ ಒಂದನ್ನೂ ಎತ್ತಬೇಡ. ಇಟ್ಟುಕೊಳ್ಳಬೇಕೋ, ಹಿತ್ತಲಲ್ಲಿ ಹೂಳಬೇಕೋ, ಯಾರಿಗಾದರೂ ಕೊಡಬೇಕೋ ಎಂಬುದನ್ನು ಅವರೇ ನಿರ್ಧರಿಸಲಿ. ಒಂದು ನಿರ್ಧಾರ ಅವರ ಕೈತಪ್ಪಿದೆ, ಉಳಿದವಾದರೂ ಅವರ ಕೈಯಲ್ಲಿರಲಿ. ಬೆಳಿಗ್ಗೆ ಓಣಿಗೆ ಬರುವ ಸೊಪ್ಪಿನಾಕೆ ಗುಂಡನಿಗೆಂದು ದಂಟು, ಎಲೆಗಳನ್ನು ತೆಗೆದಿಟ್ಟು ಅತ್ತೆಯವರನ್ನು ಕೂಗುತ್ತಿದ್ದಳೆಂದು ಬರೆದಿರುವೆಯಲ್ಲ, ಆಕೆಗೆ ನೀನೇ ಮುಂದಾಗಿ ವಿಷಯ ತಿಳಿಸು. ದಿನವೂ ಬಾಗಿಲಲ್ಲಿ ನಿಂತು ಅದೇ ಉತ್ತರ ಹೇಳುವ ಕಷ್ಟ ಅವರಿಗೆ ಬೇಡ. ಆದರೆ ಆ ಹೊತ್ತಿಗೆ ಏಳುವ, ಬಾಗಿಲಿಗೆ ಬರುವ, ನಾಲ್ಕು ಮಾತಾಡುವ ರೂಢಿ ಮಾತ್ರ ತಪ್ಪದಿರಲಿ. ಮೊಮ್ಮಗ ಊರು ಬಿಟ್ಟ ಮೇಲೆ ಆ ಮನೆಯಲ್ಲಿ ಅವರನ್ನೇ ನೆಚ್ಚಿ, ತಟ್ಟೆಯ ಸಪ್ಪಳ ಕೇಳಿದೊಡನೆ ಸಿಳ್ಳೆ ಹಾಕುತ್ತಿದ್ದ ಜೀವ ಅದೊಂದೇ ಆಗಿತ್ತು. ಬಂದವರು ‘ಇಲಿ’ ಎಂದಾಗ ನೀನು ಸುಮ್ಮನಿರಬೇಡ. ‘ನಮ್ಮತ್ತೆ ಸಾಕಿದ್ದು’ ಎಂದು ಅವರ ಎದುರಿಗೇ ಹೇಳು.

ಬೀದರ್‌ನ ವೈದ್ಯರು ಹೇಳಿದ ಮಿಕ್ಕೆಲ್ಲವನ್ನೂ ಒಪ್ಪುತ್ತೇನೆ, ಆದರೆ ಮಳೆಗಾಲದ ಲೆಕ್ಕ ಹಾಕಿ ಈಗಲೇ ಹೊಸ ಜೋಡಿಯ ಮಾತನ್ನು ಅವರ ಕಿವಿಗೆ ಹಾಕುವುದು ನನಗೆ ಸರಿಕಾಣದು. ಈ ವಯಸ್ಸಿನಲ್ಲಿ ‘ಇವು ನನಗಿಂತ ಹೆಚ್ಚು ದಿನ ಬದುಕಿದರೆ ಯಾರು ನೋಡುತ್ತಾರೆ’ ಎಂಬ ಚಿಂತೆ ಅವರಿಗೆ ಹುಟ್ಟದೆ ಇರದು, ಅದಕ್ಕೆ ಮನೆಯವರ ಬಳಿ ಉತ್ತರವಿರಬೇಕು. ಊಟ, ನಿದ್ದೆ ಇನ್ನೂ ಕೆಲವು ದಿನ ಹೀಗೆಯೇ ಕೆಟ್ಟರೆ, ಅದರಲ್ಲೂ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತಾಡಬಹುದು.
— ನಿವೃತ್ತ ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ

ಆಂಟಿ, ನಾನೂ ಕಲಬುರಗಿ ಬಿಟ್ಟು ಹೊರಗೆ ಹಾಸ್ಟೆಲಿನಲ್ಲಿದ್ದು ಓದುತ್ತಿರುವವಳು, ಆದ್ದರಿಂದ ನಿಮ್ಮ ಮಗನ ಬಗ್ಗೆ ಮಾತ್ರ ಬರೆಯುತ್ತೇನೆ. ಮರುದಿನವೇ ಪರೀಕ್ಷೆ ಇಲ್ಲದ ದಿನ ನೋಡಿ ಅವನಿಗೆ ತಿಳಿಸಿಬಿಡಿ, ರಜೆಗೆ ಬರುವವರೆಗೆ ಕಾಯಬೇಡಿ. ದೂರದಲ್ಲಿರುವ ನಾವು ಮನೆಗೆ ಫೋನ್ ಮಾಡಿದಾಗಲೆಲ್ಲ ‘ಎಲ್ಲ ಆರಾಮ’ ಎಂಬ ಮಾತನ್ನು ನಂಬಿಯೇ ಪುಸ್ತಕ ತೆರೆಯುತ್ತೇವೆ. ಇದನ್ನು ಮುಚ್ಚಿಟ್ಟಿದ್ದು ಬಂದ ಮೇಲೆ ಗೊತ್ತಾದರೆ, ನಾಳೆ ಅಜ್ಜಿಯ ಆರೋಗ್ಯದ ಬಗ್ಗೆ ನೀವು ಹೇಳುವ ನಿಜವನ್ನೂ ಅವನು ನಂಬಲಾರ. ಇದಲ್ಲದೆ ಗುಂಡ ಮೊದಲು ಅವನದು. ಅಜ್ಜಿ ಅವನಿಗೆ ಹೆದರಿ ಕೊರಗುತ್ತಿರಲೂಬಹುದು, ಮೊಮ್ಮಗ ಒಪ್ಪಿಸಿ ಹೋದದ್ದನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು. ‘ನಿನ್ನಿಂದಾಗಿ ಅಲ್ಲ ಅಜ್ಜಿ’ ಎಂದು ಅವರಿಗೆ ಹೇಳಲು ಅವನಿಗಿಂತ ತಕ್ಕವರು ಬೇರೆ ಯಾರೂ ಇಲ್ಲ, ವಿಷಯವೇ ಗೊತ್ತಿಲ್ಲದೆ ಅವನು ಅದನ್ನು ಹೇಳುವುದು ಹೇಗೆ? ನೀವು ಮೊದಲು ಮಾತಾಡಿ, ಗುಂಡ ಹೇಗೆ ಹೋಯಿತೆಂಬುದನ್ನು ಕಸದ ಗಾಡಿಯ ಸಂಗತಿಯೂ ಸೇರಿ ಇದ್ದದ್ದು ಇದ್ದಂತೆ ತಿಳಿಸಿ, ಆಮೇಲೆ ಫೋನನ್ನು ಅಜ್ಜಿಯ ಕೈಗೆ ಕೊಡಿ.
— ವಿದ್ಯಾರ್ಥಿನಿ, ಕಲಬುರಗಿ