ಐಟಿಐ ಮಷಿನಿಸ್ಟ್ ಮುಗೀತು: ಕಪನೂರ ಲೇಥ್ ಅಂಗಡಿನೋ, ಅಪ್ರೆಂಟಿಸೋ, ಪುಣೆ ಸಿಎನ್‌ಸಿನೋ?

ಚಿತ್ತಾಪುರ_ಅಣ್ಣ

ನಮಸ್ಕಾರ್ರಿ. ತಮ್ಮ ಎರಡು ವರ್ಷದ ಐಟಿಐ ಮಷಿನಿಸ್ಟ್ ಮುಗಿಸ್ಯಾನ, ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್) ಕೈಗೆ ಬಂದದ. ಮುಂದ ಮೂರು ದಾರಿ ಅವ. ಒಂದು, ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಜಾಬ್‌ವರ್ಕ್ ಲೇಥ್ (ಲೋಹ ತಿರುಗಿಸಿ ಕೊರೆಯೋ ಮಷಿನ್) ಅಂಗಡಿ: ದಾಲ್ ಮಿಲ್ ಶಾಫ್ಟು, ಪಂಪ್ ಸ್ಲೀವು, ಇಂಥ ರಿಪೇರಿ ಕೆಲಸ. ಎರಡು, ಅಪ್ರೆಂಟಿಸ್. ಮೂರು, ಪುಣೆ ಚಾಕಣದಾಗ ಕಾಂಟ್ರ್ಯಾಕ್ಟರ್ ಕಡಿಂದ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯೋ ಮಷಿನ್) ಆಪರೇಟರ್. ರೊಕ್ಕ ಇದ್ರಾಗೇ ಜಾಸ್ತಿ. ಹತ್ತು ವರ್ಷ ಮುಂದಿಂದು ನೋಡಿದ್ರ ಯಾವುದು ಛಲೋ? ಇನ್ನೊಂದು, ಟ್ರೇಡ್ ಟೆಸ್ಟಿಗೆ (ಕೈಕೆಲಸದ ಪರೀಕ್ಷೆಗೆ) ಬೇರಿಂಗ್ ಸೀಟು (ಬೇರಿಂಗ್ ಕೂಡೋ ಜಾಗ), ಕೀ-ವೇ (ಕೀಲು ಕೂಡೋ ತೋಡು) ಇರೋ ಶಾಫ್ಟ್ ಕೊಡ್ತಾರಂತ. ಏನು ನೋಡ್ತಾರ, ಹುಡುಗ್ರು ಎಲ್ಲಿ ಸಿಕ್ಕಿಬೀಳ್ತಾರ, ತಿಳದವ್ರು ಬಿಡಿಸಿ ಹೇಳ್ರಿ.

ಟೂಲ್‌ರೂಮ್_585

ಅಪ್ರೆಂಟಿಸ್ ಮಾಡಲಿ, ಉಳಿದೆರಡು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡು ವರ್ಷದ ಐಟಿಐ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ, ಕೊನೆಗೆ ಪರೀಕ್ಷೆ, ಪಾಸಾದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್). ರೈಲ್ವೆ, ಎಚ್‌ಎಎಲ್, ಬಿಇಎಲ್ ಕಡೆ ಅರ್ಜಿ ಹಾಕುವಾಗ ಎನ್‌ಟಿಸಿ ಜೊತೆಗೆ ಎನ್‌ಎಸಿ ಇದ್ದರೆ ಆ ತೂಕವೇ ಬೇರೆ.

ಆದರೆ ಒಂದು ಮೋಸದ ಬಗ್ಗೆ ಎಚ್ಚರ ಇರಲಿ. 'ಅಪ್ರೆಂಟಿಸ್' ಅಂತ ಬಾಯಲ್ಲಿ ಹೇಳಿ ಕಾಗದದಲ್ಲಿ 'ಟ್ರೈನಿ' ಅಂತ ಬರೆಯುವವರು ಬಹಳ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರದ ಪೋರ್ಟಲಿನಲ್ಲಿ ಕರಾರು ನೋಂದಣಿ ಆಗಿರಬೇಕು, ಅದರಲ್ಲಿ ಟ್ರೇಡ್ ಹೆಸರು 'ಮಷಿನಿಸ್ಟ್' ಅಂತಲೇ ಇರಬೇಕು. ಇಲ್ಲದಿದ್ದರೆ ವರ್ಷ ದುಡಿದರೂ ಕೊನೆಗೆ ಸಿಗುವುದು ಕಂಪನಿಯ ಲೆಟರ್‌ಹೆಡ್ ಒಂದೇ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಸ್ಟೈಪೆಂಡಿನದಲ್ಲ. ಯಾವ ಯಾವ ಮಷಿನಿಗೆ ಎಷ್ಟು ತಿಂಗಳು ಹಾಕುತ್ತೀರಿ ಅಂತ ಕೇಳಿ. ಲೇಥು, ಮಿಲ್ಲಿಂಗ್, ಸರ್ಫೇಸ್ ಗ್ರೈಂಡರ್, ಇನ್‌ಸ್ಪೆಕ್ಷನ್ ನಾಲ್ಕೂ ಸಿಕ್ಕರೆ ಬೇರೆ ಊರಾದರೂ ಹೋಗಬಹುದು. ವರ್ಷಪೂರ್ತಿ ಒಂದೇ ಡ್ರಿಲ್ಲಿಂಗ್ ಮಷಿನು ಅಂದರೆ ಬೇಡ.

371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರ ಮೀಸಲಾತಿಯದು) ಸಹಾಯಕ ಆಯುಕ್ತರ ಕಚೇರಿಯಿಂದ ಮಾಡಿಸಿಡಿ. ಅದು ರಾಜ್ಯ ಸರ್ಕಾರದ ಹುದ್ದೆಗೆ, ಸೀಟಿಗೆ ನಡೆಯುತ್ತದೆ. ರೈಲ್ವೆಗೆ, ಕೇಂದ್ರದ ಕಾರ್ಖಾನೆಗಳಿಗೆ ನಡೆಯುವುದಿಲ್ಲ. ನಮ್ಮ ಕಡೆ ಇದನ್ನು ಕಲಸಿಕೊಳ್ಳುವವರೇ ಹೆಚ್ಚು.

ಹಳೇ_ಚಕ್

ಟೆಸ್ಟಿಂದು ನಾ ಹೇಳ್ತೀನ್ರಿ. ಹೆಚ್ಚಾಗಿ ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ಬಾರ್ ಕೊಡ್ತಾರ, 50 ಮಿಮೀ ವ್ಯಾಸದ್ದು. 6208 ಬೇರಿಂಗಿಗೆ 40 ಮಿಮೀ ಸೀಟು, ಸಣ್ಣ ಕೆ6 (ಅಳತಿ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋ ಗುರುತು) ಅಂತ ಡ್ರಾಯಿಂಗಿನ್ಯಾಗ ಇರ್ತದ. ಅಂದ್ರ 40.002ರಿಂದ 40.018ರ ನಡುವ. 16 ಮೈಕ್ರಾನ್ ಅಷ್ಟೇ ಜಾಗ.

ಮೊದಲ ತಪ್ಪು ಹಿಡಿಯೋದ್ರಾಗ. ಎರಡು ಬೇರಿಂಗ್ ಸೀಟು ಇದ್ರ ಒಂದು ಕಡೆ ತಿರುಗಿಸಿ, ಜಾಬ್ (ಕೆಲಸದ ತುಂಡು) ಹೊಳ್ಳಿಸಿ ಮೂರು ಜಾ (ಹಿಡಿಯೋ ದವಡಿ) ಇರೋ ಚಕ್ಕಿನ್ಯಾಗ ಹಿಡಿದು ಇನ್ನೊಂದು ತಿರುಗಿಸ್ತಾರ. ತಿಂದು ಹೋದ ಚಕ್ಕು 0.05, 0.1 ಮಿಮೀ ಸೊಟ್ಟ ಓಡ್ತದ. ಎರಡೂ ಸೀಟಿನ ಅಳತಿ ಬರೋಬ್ಬರಿ ಇದ್ರೂ ಸೆಂಟರ್ ಒಂದೇ ಇರಲ್ಲ. ಎರಡೂ ಕಡೆ ಫೇಸ್ ಮಾಡಿ, ಸೆಂಟರ್ ಡ್ರಿಲ್ ಹೊಡೆದು, ಕ್ಯಾರಿಯರ್ (ಜಾಬ್ ತಿರುಗಿಸೋ ಹಿಡಿಕಿ) ಕಟ್ಟಿ ಎರಡು ಸೆಂಟರ್ ನಡುವೆನೇ ಫಿನಿಶ್ ಮಾಡ್ಬೇಕು.

ಸ್ಪೀಡು: ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿಗೆ ಇಎನ್8 ಮ್ಯಾಲ ಮಿನಿಟಿಗೆ 30 ಮೀಟರ್ ಹಿಡೀರಿ. 30ನ್ನ 1000ದಿಂದ ಗುಣಿಸಿ, ಪೈ ಗುಣಿಲೆ 40ರಿಂದ ಭಾಗಿಸಿದ್ರ 239 ಆರ್‌ಪಿಎಂ. ಪಟ್ಟಾ ಲೇಥಿನ್ಯಾಗ ಅದರ ಸಮೀಪದ ಸ್ಟೆಪ್ ಹಾಕ್ರಿ. ಕಾರ್ಬೈಡಿಗೆ 120 ಮೀಟರ್ ಹಿಡಿದ್ರ 955 ಬರ್ತದ, ಭಾಳಷ್ಟು ಹಳೇ ಲೇಥು ಅಷ್ಟು ಓಡಂಗೇ ಇಲ್ಲ. ನಿಧಾನಕ್ಕ ಓಡೋ ಕಾರ್ಬೈಡ್ ಬಿಟ್ಟಿನ ತುದಿಗೆ ಲೋಹ ಅಂಟಿ ಫಿನಿಶ್ ಹರದಂಗ ಬರ್ತದ. ಹುಡುಗ್ರು ಬಿಟ್ ಖರಾಬ್ ಅದ ಅಂತ ಹೊಸದು ಕೇಳ್ತಾರ.

ಫಿನಿಶಿಗೆ 0.4 ಬಿಟ್ಟು ಎರಡೂ ತುದಿ ಅಳೀರಿ. ಟೇಲ್‌ಸ್ಟಾಕ್ (ಬಲತುದಿಯ ಸೆಂಟರ್ ಹಿಡಿಯೋ ಭಾಗ) ಕಡೆ ದಪ್ಪ ಇತ್ತಂದ್ರ ಟೇಲ್‌ಸ್ಟಾಕನ್ನ ನಿಮ್ಮ ಕಡೆ ಸರಿಸ್ಬೇಕು. ಸೆಂಟರಿಂದ ಸೆಂಟರಿನ ತನಕ ವ್ಯಾಸದಾಗ 0.04 ಫರಕ್ ಇದ್ರ ಸರಿಸೋದು 0.02, ಅರ್ಧ. ಆಮ್ಯಾಲ 0.2ದ ಎರಡು ಕಟ್ಟು, ಎರಡೂ ಒಂದೇ ಆಳ. ಕಟ್ಟು ಸಮ ಇದ್ರ ಟೂಲು ಬಾಗೋದೂ ಸಮ. ಮೊದಲಿನ ಕಟ್ಟು ಎಷ್ಟು ತೆಗೀತು ಅದರ ಮ್ಯಾಲೆ ಕೊನೀದು ಎಲ್ಲಿ ನಿಲ್ತದ ಗೊತ್ತಾಗ್ತದ. ಎಮರಿ ಪೇಪರ್ ಹಿಡಿದು 0.03 ಇಳಿಸೋ ಚಟ ಬ್ಯಾಡ. ಸೀಟು ನಡುವ ಉಬ್ಬಿ ಅಂಚಿಗೆ ಇಳೀತದ, ಬೆರಳಿಗೂ ಅಪಾಯ.

ಮೂಲಿ ಮರೀಬ್ಯಾಡ್ರಿ. 6208ರ ಒಳಗಿನ ಅಂಚಿನ ಗೋಲಾಯಿ ಕಮ್ಮಿ ಅಂದ್ರ 1.1 ಮಿಮೀ. ಶಾಫ್ಟಿನ ಮೆಟ್ಟಿಲ ಮೂಲಿಯ ರೇಡಿಯಸ್ 1 ಮಿಮೀ ದಾಟಬಾರದು. ದಾಟಿತಂದ್ರ ಬೇರಿಂಗು ಮೆಟ್ಟಿಲಿಗೆ ಕೂಡಂಗಿಲ್ಲ, ಸೊಟ್ಟ ನಿಲ್ತದ, ಓಡಿದ ಮ್ಯಾಲ ಕಾಯ್ತದ. ಸೀಟು ಅಳತಿಗೆ ಬಂದೂ ಫೇಲ್ ಆಗೋರು ಇಲ್ಲೇ. ಪೂರ್ತಿ ಚೂಪು ಮೂಲಿನೂ ಬ್ಯಾಡ, ಅಲ್ಲಿಂದಲೇ ಬಿರುಕು ಬಿಡ್ತದ.

ಕೀ-ವೇ: 40ರ ಶಾಫ್ಟಿಗೆ 12 ಗುಣಿಲೆ 8ರ ಕೀ, ಶಾಫ್ಟಿನ್ಯಾಗ ಆಳ 5. ಅಗಲದ ಗುರುತು ಎನ್9 ಅಂದ್ರ 11.957ರಿಂದ 12.000. 12ರ ಸ್ಲಾಟ್ ಡ್ರಿಲ್ (ಕೀ-ವೇ ಕೊರೆಯೋ ಕಟರ್) ಒಂದೇ ಪಾಸಿನ್ಯಾಗ ಇಳಿಸಿದ್ರ ಕಟರ್ ಓಟಕ್ಕ 12 ದಾಟೇ ದಾಟ್ತದ. 10ರ ಕಟರ್ ಹಾಕಿ ಆಳ ತೆಗೆದು, ಆಮ್ಯಾಲ ಎರಡೂ ಪಕ್ಕ ಸವರ್ರಿ. ಸೆಂಟರ್ ಹಿಡಿಯೋದು ಕಾಗದದಿಂದ: 10ರ ಕಟರ್ ಶಾಫ್ಟಿನ ಪಕ್ಕಕ್ಕ ಕಾಗದ ಹಿಡಿಯೋ ತನಕ ತಂದು, ಎತ್ತಿ, 20 ಕೂಡಿಸು 5 ಕೂಡಿಸು ಕಾಗದದ 0.1, ಒಟ್ಟು 25.1 ಸರಿಸ್ರಿ. ಹ್ಯಾಂಡಲ್ ಒಂದೇ ದಿಕ್ಕಿಗೆ ತಿರುಗಿಸ್ರಿ. ದಾಟಿಸಿ ಹಿಂದ ತಂದ್ರ ಸ್ಕ್ರೂವಿನ ಸಡಿಲು ಅಳತಿ ತಿಂತದ. ಆಳ ಮ್ಯಾಲಿಂದ ಅಳೀಬ್ಯಾಡ್ರಿ. ಶಾಫ್ಟಿನ ತಳದಿಂದ ಕೀ-ವೇ ತಳಕ್ಕ 35.0 ಬರ್ಬೇಕು, 34.8ರ ತನಕ ನಡೀತದ.

ಚಿತ್ತಾಪುರ_ಅಣ್ಣ

ಭಾಳ ಉಪಕಾರ ಆಯ್ತ್ರಿ ಅಣ್ಣಾರ. ತಮ್ಮ ಕೇಳ್ಲಿಕ್ಕತ್ಯಾನ: ಸಂಜಿಗೆ ಅಳೆದಾಗ ಓಕೆ ಇದ್ದ ಜಾಬು ಮರುದಿನ ಮುಂಜಾನೆ ಸಣ್ಣದು ತೋರಿಸ್ತದ, ಅದು ಯಾಕ? ಮೈಕ್ರೋಮೀಟರ್ ಹಾಳಾಗ್ಯದೇನು?

ಟೂಲ್‌ರೂಮ್_585

ಮೈಕ್ರೋಮೀಟರ್ ಹಾಳಾಗಿರಲಿಕ್ಕಿಲ್ಲ. ಉಕ್ಕು ಒಂದು ಡಿಗ್ರಿ ಕಾದರೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಈಗಷ್ಟೇ ತಿರುಗಿಸಿದ ಶಾಫ್ಟು ಮೈಕ್ರೋಮೀಟರಿಗಿಂತ 30 ಡಿಗ್ರಿ ಬಿಸಿ ಇದ್ದರೆ 40 ಮಿಮೀಗೆ 0.014 ಹೆಚ್ಚು ತೋರಿಸುತ್ತದೆ. ಬಿಸಿಯಲ್ಲಿ 40.012 ಓದಿದ್ದು ಆರಿದ ಮೇಲೆ 39.998. ಕೆ6ರ ಕೆಳಗಿನ ಮಿತಿ 40.002, ಅಂದರೆ ಜಾಬು ಹೋಯಿತು.

ನಮ್ಮಲ್ಲಿ ಮೇ ತಿಂಗಳು ತಗಡಿನ ಶೆಡ್ಡು 42 ಡಿಗ್ರಿ ದಾಟಿದರೂ ಉಕ್ಕಿನ ಜಾಬು, ಉಕ್ಕಿನ ಮೈಕ್ರೋಮೀಟರು ಎರಡೂ ಅದೇ ಬಿಸಿಯಲ್ಲಿದ್ದರೆ ಒಟ್ಟಿಗೇ ಹಿಗ್ಗುತ್ತವೆ, ಓದು ಸರಿಯೇ ಇರುತ್ತದೆ. ತೊಂದರೆ ಬರುವುದು ಎರಡರ ಬಿಸಿ ಬೇರೆಯಾದಾಗ, ಇಲ್ಲವೇ ಲೋಹ ಬೇರೆಯಾದಾಗ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. 100 ಮಿಮೀ ಅಲ್ಯೂಮಿನಿಯಂ ಜಾಬನ್ನು 42 ಡಿಗ್ರಿಯಲ್ಲಿ ಅದೇ ಬಿಸಿಯ ಉಕ್ಕಿನ ಮೈಕ್ರೋಮೀಟರಿನಿಂದ ಅಳೆದರೆ, ಅಳತೆಗಳಿಗೆ ಆಧಾರವಾದ 20 ಡಿಗ್ರಿಗಿಂತ ಸುಮಾರು 0.025 ದೊಡ್ಡದು ತೋರಿಸುತ್ತದೆ.

ರಫ್ ಮಾಡಿ 0.4 ಬಿಟ್ಟ ಮೇಲೆ ಜಾಬಿಗೆ ಕೂಲೆಂಟ್ ಧಾರಾಳ ಬಿಟ್ಟು ಆರಿಸಿ, ಆಮೇಲೆ ಕೊನೆಯ ಕಟ್ಟುಗಳು. ಮೈಕ್ರೋಮೀಟರ್ ಕಿಟಕಿ ಬಿಸಿಲಲ್ಲಿ, ಹೆಡ್‌ಸ್ಟಾಕ್ (ಲೇಥಿನ ಸ್ಪಿಂಡಲ್ ಇರುವ ತಲೆಭಾಗ) ಮೇಲೆ, ಜೇಬಲ್ಲಿ ಇಡಬಾರದು. 25ರಿಂದ 50ರದ್ದು ಬಳಸುವಾಗ 25ರ ಸೆಟ್ಟಿಂಗ್ ರಾಡಿನಿಂದ ದಿನಾ ಸೊನ್ನೆ ನೋಡಲಿ, ಬಿಗಿಯುವುದು ರ‍್ಯಾಚೆಟ್‌ನಿಂದ ಮಾತ್ರ.

ಕೂಲೆಂಟ್ ಮಾತು ಬಂದಿದ್ದಕ್ಕೆ: ಸೇಡಂ, ಶಹಾಬಾದ್ ಕಡೆ ಸುಣ್ಣಕಲ್ಲಿನ ನೆಲ, ಬೋರ್ ನೀರು ಗಡಸು. ಆ ನೀರಿಗೆ ಕಟಿಂಗ್ ಆಯಿಲ್ ಬೆರೆಸಿದರೆ ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ, ಮಷಿನಿನ ಬೆಡ್ಡಿಗೆ ತುಕ್ಕು. ಆರ್‌ಒ ಫಿಲ್ಟರ್ ನೀರು ಬಳಸಿ, ನೀರಿಗೆ ಎಣ್ಣೆ ಹಾಕಿ. ಎಣ್ಣೆಗೆ ನೀರು ಸುರಿಯಬೇಡಿ.

ಚಾಕಣ_ಸೆಟ್ಟರ್_ಬೀದರ್

ಪುಣೆ ಬಗ್ಗೆ ಇಷ್ಟು ಹೇಳಬಲ್ಲೆ. ಆಪರೇಟರ್ ಕೆಲಸ ಅಂದರೆ ಜಾಬ್ ಹಾಕು, ಬಾಗಿಲು ಮುಚ್ಚು, ಬಟನ್ ಒತ್ತು. ಮೂರು ವರ್ಷ ಮಾಡಿದರೂ ಬೆಲೆ ಅಷ್ಟೇ. ಸೆಟ್ಟರ್ (ಮಷಿನ್ ಹೊಂದಿಸಿ ಕೊಡುವವನು) ಆದವನಿಗೇ ಕಂಪನಿ ಬದಲಿಸುವ ಧೈರ್ಯ ಬರುವುದು. ಆ ಗೋಡೆ ದಾಟಲು ಬೇಕಾದ್ದು ಅಪ್ರೆಂಟಿಸ್ ವರ್ಷದಲ್ಲೇ ಕಲಿಯಬಹುದು, ಅದಕ್ಕೇ ಮೇಲಿನವರ ಮಾತು ಸರಿ.

ಸೆಟ್ಟರ್ ಇಂಟರ್‌ವ್ಯೂನಲ್ಲಿ ತಪ್ಪದೇ ಕೇಳುವುದು ಎರಡು. ಒಂದು, ಪ್ರೋಗ್ರಾಮಿನಲ್ಲಿ ಜಿ96 ಹಾಕಿದಾಗ ಜಿ50 ಯಾಕೆ ಬೇಕು. ಜಿ96 ಎಸ್150 ಅಂದರೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 150 ಮೀಟರ್‌ಗೆ ಸ್ಥಿರ. 40 ವ್ಯಾಸದಲ್ಲಿ ಸ್ಪಿಂಡಲ್ 1194 ಆರ್‌ಪಿಎಂ, ಫೇಸ್ ಮಾಡುತ್ತಾ 10ಕ್ಕೆ ಬಂದರೆ 4775, ಸೆಂಟರಿಗೆ ಬರುವಷ್ಟರಲ್ಲಿ ಮಷಿನಿನ ಪೂರ್ತಿ ಓಟ. ಚಕ್ಕಿನ ಜಾಗಳು (ದವಡೆಗಳು) ಹೊರಕ್ಕೆ ಎಸೆಯಲ್ಪಟ್ಟಂತಾಗಿ ಹಿಡಿತ ಸಡಿಲಾಗುತ್ತದೆ, ಜಾಬ್ ಹಾರುತ್ತದೆ. ಜಿ50ರಲ್ಲಿ ಮಿತಿ ಕಟ್ಟುವುದು ಅದಕ್ಕೆ.

ಎರಡು, ವೇರ್ ಆಫ್‌ಸೆಟ್ (ಟೂಲ್ ಸವೆತಕ್ಕೆ ಮಷಿನಿನಲ್ಲಿ ಹಾಕುವ ತಿದ್ದುಪಡಿ). ಜಾಬು 40.030 ಬಂತು, ಬೇಕಿರುವುದು 40.010. ಎಕ್ಸ್ ವೇರ್‌ನಲ್ಲಿ ಈಗಾಗಲೇ ಮೈನಸ್ 0.050 ಇದೆ. ಮೈನಸ್ 0.020 ಟೈಪ್ ಮಾಡಿ ಫನುಕ್ ಕಂಟ್ರೋಲ್‌ನಲ್ಲಿ 'ಇನ್‌ಪುಟ್' ಒತ್ತಿದರೆ ಹಳೆಯದು ಅಳಿಸಿ ಮೈನಸ್ 0.020 ಮಾತ್ರ ಉಳಿಯುತ್ತದೆ; ಮುಂದಿನ ಜಾಬು 40.060. 'ಪ್ಲಸ್ ಇನ್‌ಪುಟ್' ಒತ್ತಬೇಕು, ಆಗ ಕೂಡಿ ಮೈನಸ್ 0.070. ಚುಕ್ಕಿ ಬಿಟ್ಟು ಬರೀ 20 ಹೊಡೆದರೆ ಪ್ಯಾರಾಮೀಟರ್ ನೋಡಿಕೊಂಡು 20 ಮೈಕ್ರಾನೂ ಆಗಬಹುದು, 20 ಮಿಮೀಯೂ ಆಗಬಹುದು. ಟರೆಟ್ (ಟೂಲುಗಳನ್ನು ಹಿಡಿದ ತಲೆ) ಗುದ್ದಿಸುವ ಕೇಸುಗಳಲ್ಲಿ ಇದೂ ಒಂದು.

ಓದಿಗೆ ಮನಸ್ಸಿದ್ದರೆ ಐಟಿಐ ಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಟೂಲ್ ಅಂಡ್ ಡೈ ಬೇಕೆಂದರೆ ಕಲಬುರಗಿಯಲ್ಲೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ, ಹೈದರಾಬಾದ್ ಬಾಳಾನಗರದಲ್ಲಿ ಸಿಐಟಿಡಿ (ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ) ಇದೆ. ಪಾಠ ಹೇಳುವ ಕೆಲಸ ಇಷ್ಟವಿದ್ದವರು ಒಂದು ವರ್ಷದ ಸಿಐಟಿಎಸ್ (ಬೋಧಕರ ತರಬೇತಿ) ಮಾಡಿ ಐಟಿಐ ಬೋಧಕರಾಗುತ್ತಾರೆ.

ಹಳೇ_ಚಕ್

ಎಲ್ಲಾ ಖರೇ, ಆದ್ರ ಲೇಥ್ ಅಂಗಡೀನ ಅಷ್ಟು ಹಗುರ ಮಾಡಬ್ಯಾಡ್ರಿ. ಸಕ್ಕರಿ ಕಾರ್ಖಾನೆ ಹಂಗಾಮು ಮುಗಿದ ಮ್ಯಾಲ, ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆ ಶಟ್‌ಡೌನಿನ್ಯಾಗ ಬರೋ ಕೆಲಸಕ್ಕ ಡ್ರಾಯಿಂಗೇ ಇರಂಗಿಲ್ಲ. ಮುರಿದ ತುಂಡು ನೋಡಿ ಅಳತಿ ಕಟ್ಬೇಕು. ಆ ವಿದ್ಯಾ ಪ್ರೊಡಕ್ಷನ್ ಲೈನಿನ್ಯಾಗ ಸಿಗಂಗಿಲ್ಲ. ಅಪ್ರೆಂಟಿಸ್ ಸಿಗೋ ತನಕ ಆರು ತಿಂಗಳು ಅಂಗಡ್ಯಾಗ ಕುಂದ್ರಸ್ರಿ, ಖಾಲಿ ಮನ್ಯಾಗ ಕೂಡೋದಕ್ಕಿಂತ ಛಲೋ.

ಅಲ್ಲಿ ಎರಡು ಕಡೆ ಎಚ್ಚರ ಇರ್ಲಿ. ಹಳೇ ಲೇಥಿನ ಲೀಡ್ ಸ್ಕ್ರೂ (ಥ್ರೆಡ್ ತೆಗೆಯೋವಾಗ ಟೂಲ್ ನಡೆಸೋ ಸ್ಕ್ರೂ) ಇಂಚಿಂದು, 4 ಟಿಪಿಐ (ಇಂಚಿಗೆ 4 ಥ್ರೆಡ್). ಅದ್ರಾಗ ಎಂ24ರ 3 ಮಿಮೀ ಪಿಚ್ ಥ್ರೆಡ್ ತೆಗೀಬೇಕಾದ್ರ ಡ್ರೈವರ್ 60, ಡ್ರಿವನ್ 127 ಹಲ್ಲಿನ ಗೇರು. ಥ್ರೆಡ್ ಮುಗಿಯೋ ತನಕ ಹಾಫ್ ನಟ್ (ಲೀಡ್ ಸ್ಕ್ರೂ ಹಿಡಿಯೋ ನಟ್) ಬಿಚ್ಚಬಾರದು. ಟೂಲ್ ಹಿಂದ ತೆಗೆದು ಮೋಟರ್ ಉಲ್ಟಾ ಓಡಿಸ್ಬೇಕು. ನಡುವ ಬಿಚ್ಚಿದ್ರ ಎರಡನೇ ಕಟ್ಟು ಹಳೇ ಗೆರಿ ಹಿಡಿಯಂಗಿಲ್ಲ, ಥ್ರೆಡ್ ಕತ್ತರಿಸಿ ಹೋಗ್ತದ.

ಇನ್ನೊಂದು ಗೇರಿಂದು. ಮುರಿದ ಗೇರಿನ ಹೊರಗಿನ ವ್ಯಾಸಾನ ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿದ್ರ ಮಾಡ್ಯೂಲ್ (ಹಲ್ಲಿನ ಗಾತ್ರದ ಅಂಕಿ) ಬರ್ತದ. 24 ಹಲ್ಲು, 78 ಮಿಮೀ ಇದ್ರ ಮಾಡ್ಯೂಲ್ 3. ಸ್ಟ್ಯಾಂಡರ್ಡ್ ಅಂಕಿ ಬರ್ಲಿಲ್ಲಂದ್ರ ಹಳೇ ಇಂಚಿನ ಡಿಪಿ (ಡಯಾಮೆಟ್ರಲ್ ಪಿಚ್) ಗೇರ್ ಇರ್ಬಹುದು, ಆ ಲೆಕ್ಕಾನೂ ಹಾಕಿ ನೋಡ್ರಿ. ಇಂಡೆಕ್ಸ್ ಹೆಡ್ (ಜಾಬನ್ನ ಸಮ ಪಾಲಿಗೆ ತಿರುಗಿಸೋ ಸಾಧನ) 40ಕ್ಕ 1 (ಹ್ಯಾಂಡಲ್ 40 ಸುತ್ತಿಗೆ ಜಾಬ್ ಒಂದು ಸುತ್ತು), ಹಂಗಾಗಿ 24 ಹಲ್ಲಿಗೆ ಒಂದು ಪೂರ್ತಿ ಸುತ್ತು, ಮ್ಯಾಲ 18 ತೂತಿನ ಸಾಲಿನ್ಯಾಗ 12 ತೂತು. ಕಟರ್ ನಂಬರ್ ನೋಡಿ ಮೋಸ ಹೋಗಬ್ಯಾಡ್ರಿ. ಡಿಪಿ ಸೆಟ್ಟಿನ್ಯಾಗ 24 ಹಲ್ಲಿಗೆ 5ನೇ ನಂಬರು, ಎಂಟು ಕಟರಿನ ಮಾಡ್ಯೂಲ್ ಸೆಟ್ಟಿನ್ಯಾಗ 4ನೇದು, ಯಾಕಂದ್ರ ನಂಬರು ಉಲ್ಟಾ ಎಣಿಸ್ತಾರ. ಕಟರಿನ ಮ್ಯಾಲ '21-25' ಅಂತ ಹಲ್ಲಿನ ಲೆಕ್ಕ ಕೊರೆದಿರ್ತಾರ, ಅದನ್ನ ಓದಿ ಹಾಕ್ರಿ.